ಸೇನೆ ಬಿಡಬೇಕು ಅನಿಸಿದರೆ: ಯಾವ ಬಾಗಿಲಿನಿಂದ ಹೊರಬಂದರೆ ಏನು ಸಿಗುತ್ತದೆ, ಏನು ಹೋಗುತ್ತದೆ

ಸೇನೆಗೆ ಸೇರಿದ ಮೇಲೆ ಹೊರಬರೋಕೆ ದಾರಿಯೇ ಇಲ್ಲ ಅನ್ನುವವರಿದ್ದಾರೆ. ರಾಜೀನಾಮೆ ಬರೆದುಕೊಟ್ಟು ಮರುದಿನ ರೈಲು ಹತ್ತಬಹುದು ಅನ್ನುವವರೂ ಇದ್ದಾರೆ. ಎರಡೂ ತಪ್ಪು. ದಾರಿಗಳಿವೆ. ಆದರೆ ಒಂದೊಂದಕ್ಕೂ ಬೇರೆ ಬೇರೆ ಬೆಲೆ. ಹದಿನಾಲ್ಕು ವರ್ಷ ದುಡಿದು ಒಂದು ಅರ್ಜಿಯಿಂದ ಜೀವನಪೂರ್ತಿಯ ಪಿಂಚಣಿ ಕಳೆದುಕೊಳ್ಳಬಹುದು. ಆರೇ ವರ್ಷ ದುಡಿದವರು ಬೇರೆ ದಾರಿಯಲ್ಲಿ ಬಂದು ಪಿಂಚಣಿ ಪಡೆಯಬಹುದು. ಸೇವೆಯ ಅವಧಿಯಷ್ಟೇ ಇದನ್ನು ತೀರ್ಮಾನಿಸುವುದಿಲ್ಲ. ಬಿಡುಗಡೆ ಆದೇಶದಲ್ಲಿ ಬರೆದ ಕಾರಣ ಏನು ಅನ್ನೋದೂ ತೀರ್ಮಾನಿಸುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಭಾರತೀಯ ಭೂಸೇನೆಯ ಜವಾನರ ವಿಷಯ. ಅವರಿಗೆ 1950ರ ಸೇನಾ ಕಾಯ್ದೆ, 1954ರ ಸೇನಾ ನಿಯಮಗಳು ಅನ್ವಯಿಸುತ್ತವೆ. ಬಿಡುಗಡೆಯ ದಾರಿಗಳೆಲ್ಲ 13ನೇ ನಿಯಮದ ಒಂದು ಪಟ್ಟಿಯಲ್ಲಿವೆ. ಯಾವ ಕಾರಣಕ್ಕೆ ಬಿಡುಗಡೆ, ಯಾರು ಮಂಜೂರು ಮಾಡಬೇಕು, ಯಾವ ಷರತ್ತು ಎಂದು ಅಲ್ಲಿ ಬರೆದಿದೆ.

ಬಿಡಬೇಕಿರುವುದು ಸೇನೆಯನ್ನೋ, ಈ ಹೊತ್ತಿನ ಕಷ್ಟವನ್ನೋ?

ಇದನ್ನು ಮೊದಲೇ ಕೇಳಿಕೊಳ್ಳಬೇಕು. ಯಾಕಂದ್ರೆ "ಸಾಕಾಯ್ತು" ಅನ್ನುವವರಲ್ಲಿ ಹಲವರಿಗೆ ಸಾಕಾಗಿರುವುದು ಪಲ್ಟನ್ ಅಲ್ಲ, ಊರಿಂದ ಬರುವ ಫೋನು. ಅಪ್ಪನಿಗೆ ಪಾರ್ಶ್ವವಾಯು. ಹೆಂಡತಿ, ಅಮ್ಮನ ನಡುವೆ ಮಾತಿಲ್ಲ. ದಾಯಾದಿಗಳು ಬದು ಒತ್ತಿಕೊಂಡು ಉತ್ತಿದ್ದಾರೆ, ಪಹಣಿಯಲ್ಲಿ ಹೆಸರು ಬದಲಾಗಿದೆ. ಸಾವಿರಾರು ಕಿಲೋಮೀಟರ್ ದೂರ ಕೂತವನಿಗೆ ಇದು ನಿದ್ದೆ ಕೆಡಿಸುತ್ತದೆ.

ಇಂಥದ್ದಕ್ಕೆ ಬಿಡುಗಡೆಗಿಂತ ಚಿಕ್ಕ ಮದ್ದುಗಳಿವೆ. ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ ಜವಾನರಿಗೆ ಇದೆ. ಕೈಗೆ ಸಿಗುವುದು ಬೇರೆ ಮಾತು, ಆದರೂ ಕಾರಣ ಬರೆದು ಕೇಳಿದರೆ ಮುಂಗಡವಾಗಿ ಕೊಡಿಸಿಕೊಳ್ಳಲು ನೋಡಬಹುದು. ಮನೆಯ ಕಷ್ಟದ ಮೇಲೆ ಊರಿಗೆ ಹತ್ತಿರ ಪೋಸ್ಟಿಂಗ್ ಕೇಳಬಹುದು. ಇದಕ್ಕೆ ಆಸ್ಪತ್ರೆಯ ಕಾಗದ ಮತ್ತು ಊರಿನ ಅಧಿಕಾರಿಗಳ ದೃಢೀಕರಣ ಜೊತೆಗಿದ್ದರೆ ಮಾತಿಗೆ ತೂಕ. ಕರ್ನಾಟಕದಲ್ಲಾದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಮನೆಯವರೇ ಹೋಗಿ ಕೇಳಬಹುದು. ಜಮೀನಿನ ತಕರಾರಿದ್ದರೆ ಕಮಾಂಡಿಂಗ್ ಆಫೀಸರ್, ಅಂದರೆ ಸಿಒ, ಜಿಲ್ಲಾಧಿಕಾರಿಗೆ ಪತ್ರ ಬರೆಯುವ ರೂಢಿ ಇದೆ. ಬರೆಸಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕಾನೂನಿದೆ: 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ. ಯುದ್ಧ ಅಥವಾ ಅಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕ ಸಿವಿಲ್ ಕೇಸಿನಲ್ಲಿ ಕಕ್ಷಿದಾರನಾಗಿದ್ದರೆ, ಸೇನೆಯ ಪ್ರಮಾಣಪತ್ರ ತೋರಿಸಿ ಕೇಸು ಮುಂದೂಡಿಸಬಹುದು. ಕೋರ್ಟಿಗೆ ಹೋಗೋಕಾಗದೆ ಆಸ್ತಿ ಹೋಗುತ್ತೆ ಅನ್ನುವ ಒಂದೇ ಹೆದರಿಕೆಗೆ ಸೇನೆ ಬಿಡುವ ಮುಂಚೆ ವಕೀಲರ ಹತ್ತಿರ ಇದರ ಬಗ್ಗೆ ಕೇಳಿ.

ಸ್ವಂತ ಕೋರಿಕೆಯ ಬಿಡುಗಡೆ

ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. 13ನೇ ನಿಯಮದ ಪಟ್ಟಿಯಲ್ಲಿ ಇದು ಸ್ಪಷ್ಟವಾಗಿದೆ. ಒಪ್ಪಂದದ ಅವಧಿ ಮುಗಿಯುವ ಮುಂಚೆ ಜವಾನ ತಾನಾಗಿ ಬಿಡುಗಡೆ ಕೇಳಬಹುದು, ಸಿಒ ಮಂಜೂರು ಮಾಡಬಹುದು. ಆದರೆ ಎರಡು ಷರತ್ತು. ಕೋರಿಕೆ ಒಪ್ಪುವಂಥದ್ದು ಎಂದು ಸಿಒಗೆ ಮನವರಿಕೆಯಾಗಬೇಕು. ಇವನು ಹೋದರೆ ಘಟಕದ ಜನಬಲ ಅತಿಯಾಗಿ ಕುಗ್ಗಬಾರದು. ಹಾಗಾಗಿ ಇದು ಕೇಳುವ ಹಕ್ಕು ಮಾತ್ರ. ಪಡೆಯುವ ಹಕ್ಕಲ್ಲ. ವಾಯುಪಡೆಯ ಒಬ್ಬ ಏರ್‌ಮನ್ ಬ್ಯಾಂಕ್ ಕೆಲಸಕ್ಕೆ ಹೋಗಲು ಬಿಡಿ ಎಂದು ಹೋರಾಡಿದ ಅಮಿತ್ ಕುಮಾರ್ ರಾಯ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಅವಧಿಯ ನಡುವೆ ಮನಸ್ಸು ಬಂದಾಗ ಹೊರಟುಬಿಡುವ ಹಕ್ಕು ಇಲ್ಲ.

ನಡೆಯುವ ಕ್ರಮ ಹೀಗೆ. ಮೊದಲು ಪ್ಲಟೂನಿನ ಸುಬೇದಾರ್ ಸಾಹೇಬರಿಗೆ ಹೇಳಬೇಕು. ಆಮೇಲೆ ಕಂಪನಿ ಕಮಾಂಡರ್ ಮುಂದೆ, ಕೊನೆಗೆ ಸಿಒ ಮುಂದೆ ಇಂಟರ್‌ವ್ಯೂ. "ಯಾಕೆ ಹೋಗ್ತೀಯಾ?" ಎಂದು ಕೇಳಿದಾಗ "ಮನೆಯಲ್ಲಿ ತೊಂದರೆ ಸಾಬ್" ಅಂತ ಒಂದೇ ಸಾಲು ಹೇಳಿ ನಿಂತರೆ ಹತ್ತು ದಿನ ರಜೆ ಕೊಟ್ಟು ಕಳಿಸುತ್ತಾರೆ, ಅಷ್ಟೇ. ಯಾವ ತೊಂದರೆ, ಯಾವಾಗಿಂದ, ರಜೆಯಿಂದ ಅಥವಾ ಪೋಸ್ಟಿಂಗ್‌ನಿಂದ ಅದು ಯಾಕೆ ಸರಿಹೋಗಲ್ಲ ಅನ್ನೋದನ್ನು ಕಾಗದದಲ್ಲಿ ಬರೆದು, ದಾಖಲೆ ಲಗತ್ತಿಸಿ ಕೊಡಬೇಕು. ಒಂದು ನಕಲು ನಿಮ್ಮ ಹತ್ತಿರ ಇರಲಿ. ಮಂಜೂರಾದರೆ ಕಾಗದ ಜವಾನರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಹೋಗಿ, ಅಲ್ಲಿಂದ ಬಿಡುಗಡೆ ಆದೇಶ ಬರುತ್ತದೆ. ಮಂಜೂರಾದ ಮೇಲೆ ಮನಸ್ಸು ಬದಲಾದರೆ ತಿರುಗಿಸುವುದು ಕಷ್ಟ.

ಈಗ ಬೆಲೆ ನೋಡಿ. ಜವಾನರಿಗೆ ಸೇವಾ ಪಿಂಚಣಿಗೆ ಬೇಕಾದ ಕನಿಷ್ಠ ಸೇವೆ 15 ವರ್ಷ. ಅದಕ್ಕೆ ಮುಂಚೆ ಸ್ವಂತ ಕೋರಿಕೆಯಲ್ಲಿ ಬಂದರೆ ಪಿಂಚಣಿ ಇಲ್ಲ. 5 ವರ್ಷ ಮುಗಿದಿದ್ದರೆ ಗ್ರಾಚ್ಯುಟಿ, ನಿಮ್ಮ ಭವಿಷ್ಯ ನಿಧಿಯ ಹಣ, ಸೇನಾ ಗುಂಪು ವಿಮೆಯಲ್ಲಿ ಜಮೆಯಾದದ್ದು ಸಿಗುತ್ತದೆ. ಇದು ಒಂದು ಸಲ ಬರುವ ಗಂಟು. ಮನೆ ಕಟ್ಟಿಸಿದರೆ, ತಂಗಿ ಮದುವೆ ಮಾಡಿದರೆ ಮುಗಿಯಿತು.

ಪಿಂಚಣಿ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಮುಂದಿನದು. ಕೇಂದ್ರ ಸರ್ಕಾರದ ಮರುನೇಮಕ ನಿಯಮದಲ್ಲಿ "ಮಾಜಿ ಸೈನಿಕ" ಯಾರು ಎಂಬ ವಿವರಣೆ ಇದೆ. ಸ್ವಂತ ಕೋರಿಕೆಯಲ್ಲಿ ಬಂದವರು ಪಿಂಚಣಿ ಗಳಿಸಿ ಬಂದಿದ್ದರೆ ಮಾತ್ರ ಅದರೊಳಗೆ ಬರುತ್ತಾರೆ. ಪಿಂಚಣಿಯಿಲ್ಲದೆ ಬಂದರೆ ಮಾಜಿ ಸೈನಿಕ ಕೋಟಾ ಇಲ್ಲ, ವಯೋಮಿತಿ ಸಡಿಲಿಕೆ ಇಲ್ಲ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕೂಡ ಪಿಂಚಣಿದಾರರದ್ದು. "ಬಿಟ್ಟು ಬಂದು ಬ್ಯಾಂಕಿನಲ್ಲಿ ಕೋಟಾದ ಮೇಲೆ ಕೆಲಸ ತಗೋತೀನಿ" ಅಂತ 9 ವರ್ಷಕ್ಕೆ ಅರ್ಜಿ ಹಾಕುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

15 ದಾಟಿದವರಿಗೆ ಚಿತ್ರ ಬೇರೆ. ಪಿಂಚಣಿ ಕೈಯಲ್ಲಿದೆ. ಆದರೆ ಒಆರ್‌ಒಪಿ ವಿಷಯ ನೆನಪಿರಲಿ. 2015ರ ನವೆಂಬರ್ 7ರ ಆದೇಶದ ಪ್ರಕಾರ, ಅದರ ನಂತರ ಸ್ವಂತ ಕೋರಿಕೆಯಲ್ಲಿ ಹೊರಬಂದವರಿಗೆ "ಸಮಾನ ಶ್ರೇಣಿ, ಸಮಾನ ಪಿಂಚಣಿ"ಯ ಪರಿಷ್ಕರಣೆ ಇಲ್ಲ. ಇದನ್ನು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿದವರಿದ್ದಾರೆ, ಹಾಗಾಗಿ ಅರ್ಜಿ ಹಾಕುವ ಹೊತ್ತಿಗೆ ಸ್ಥಿತಿ ಏನಿದೆ ಎಂದು ವಿಚಾರಿಸಿಕೊಳ್ಳಿ.

14 ವರ್ಷ ಕೆಲವು ತಿಂಗಳು ಆದವರ ಪಾಡೇ ನನಗೆ ಹೆಚ್ಚು ಕಳವಳ ತರುವುದು. ಕೊರತೆ ಬಿದ್ದ ಸೇವೆಯನ್ನು 12 ತಿಂಗಳವರೆಗೆ ಮನ್ನಾ ಮಾಡುವ ಅವಕಾಶ ಇದೆ. ಆದರೆ ಸ್ವಂತ ಕೋರಿಕೆಯಲ್ಲಿ ಹೋದವರನ್ನು ಆ ನಿಯಮ ಹೊರಗಿಟ್ಟಿದೆ. ಕೋರ್ಟಿಗೆ ಹೋಗಿ ಗೆದ್ದವರಿದ್ದಾರೆ ನಿಜ. ಆದರೂ ಕೆಲವು ತಿಂಗಳು ತಡೆಯುವುದು ಕೆಲವು ವರ್ಷ ಕೋರ್ಟ್ ಅಲೆಯುವುದಕ್ಕಿಂತ ಅಗ್ಗ. ಮನಸ್ಸು, ದೇಹ ತಡೆಯುವ ಸ್ಥಿತಿಯಲ್ಲಿದ್ದರೆ ಮಾತ್ರ ಈ ಮಾತು.

ತಡೆಯುವ ಸ್ಥಿತಿ ಇಲ್ಲದಿದ್ದರೆ: ವೈದ್ಯಕೀಯ ದಾರಿ

ಕಾಯಿಲೆಯ ಕಾರಣಕ್ಕೆ ವೈದ್ಯಕೀಯ ಮಂಡಳಿಯ ಮೂಲಕ ಹೊರಬರುವುದು ಇದು; ಜವಾನರ ಬಾಯಲ್ಲಿ "ಬೋರ್ಡ್ ಔಟ್". ಈ ಮಾತಿಗೆ ಅಂಟಿದ ನಾಚಿಕೆಯಿಂದಲೇ ಎಷ್ಟೋ ಹುಡುಗರು ತಪ್ಪು ಬಾಗಿಲು ತಟ್ಟುತ್ತಾರೆ. ರಾತ್ರಿ ನಿದ್ದೆ ಇಲ್ಲ, ಕೈ ನಡುಗುತ್ತದೆ, ಸೆಂಟ್ರಿ ಡ್ಯೂಟಿಯಲ್ಲಿ ಬಂದೂಕು ಹಿಡಿದಾಗ ಬೇಡದ ಯೋಚನೆ ಬರುತ್ತದೆ. ಆದರೆ ಅರ್ಜಿಯಲ್ಲಿ ಬರೆಯುವುದು "ಮನೆಯ ತೊಂದರೆ". ಕಾಯಿಲೆ ಇದ್ದವನು ಕಾಯಿಲೆ ಮುಚ್ಚಿಟ್ಟು ಸ್ವಂತ ಕೋರಿಕೆಯ ಕಾಗದಕ್ಕೆ ಸಹಿ ಹಾಕಿದರೆ, ಚಿಕಿತ್ಸೆಯೂ ಹೋಯಿತು, ಪಿಂಚಣಿಯೂ ಹೋಯಿತು.

ಸೇನೆಯಲ್ಲಿ ಆರೋಗ್ಯವನ್ನು "ಶೇಪ್" ಎಂಬ ಐದು ಅಕ್ಷರಗಳಲ್ಲಿ ಅಳೆಯುತ್ತಾರೆ. ಮೊದಲ ಅಕ್ಷರವೇ ಮನಸ್ಸಿಗೆ. ಆಮೇಲೆ ಕಿವಿ, ಕೈಕಾಲು, ದೇಹದ ಶಕ್ತಿ, ಕಣ್ಣು. ಒಂದು ಅಂದರೆ ಪೂರ್ತಿ ಸರಿ, ಐದು ಅಂದರೆ ಸೇವೆಗೆ ಆಗುವುದಿಲ್ಲ. ನಡುವಿನದ್ದು ಲೋ ಮೆಡಿಕಲ್ ಕೆಟಗರಿ. ಆಗ ಕೆಲಸದ ಮೇಲೆ ನಿರ್ಬಂಧ ಹಾಕಿ, ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಅದರಲ್ಲೇ ಸುಧಾರಿಸಿಕೊಂಡು ಸೇವೆ ಮುಗಿಸಿದವರು ಬೇಕಾದಷ್ಟು ಜನ. ಹಾಗಾಗಿ ಮನೋವೈದ್ಯರ ಹತ್ತಿರ ಹೋದರೆ ಕೆಲಸ ಹೋಯಿತು ಅನ್ನೋದು ಸುಳ್ಳು.

ಮಾಡಬೇಕಾದ್ದು ಇಷ್ಟು: ಘಟಕದ ವೈದ್ಯಾಧಿಕಾರಿಗೆ ಹೋಗಿ ಲಕ್ಷಣಗಳನ್ನು ಇದ್ದಹಾಗೆ ಹೇಳಿ. ಸಿಕ್ ರಿಪೋರ್ಟ್‌ನಲ್ಲಿ ಅದು ದಾಖಲಾಗಲಿ. ಜೀವಕ್ಕೆ ಅಪಾಯದ ಯೋಚನೆ ಬರುತ್ತಿದ್ದರೆ ಅದನ್ನು ಮೊದಲು ಹೇಳಿ, ಆಯುಧದ ಡ್ಯೂಟಿಯಿಂದ ಬಿಡಿಸಿ ಎಂದು ಬಾಯಿಬಿಟ್ಟು ಕೇಳಿ. ಮಾತಾಡಲು ಯಾರೂ ಇಲ್ಲ ಅನಿಸಿದರೆ ಟೆಲಿ ಮಾನಸ್ 14416 ದಿನದ ಯಾವ ಹೊತ್ತಿಗೂ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 2023ರ ಡಿಸೆಂಬರ್‌ನಲ್ಲಿ ಸೇನೆಯವರಿಗಾಗಿಯೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರತ್ಯೇಕ ಘಟಕ ಶುರುವಾಯಿತು.

ಮನೋವೈದ್ಯರು ನೋಡುವಾಗ ಸಿಒ ಕಡೆಯಿಂದ ಒಂದು ವರದಿ ಹೋಗುತ್ತದೆ. ಹುಡುಗ ಮೊದಲು ಹೇಗಿದ್ದ, ಈಗ ಹೇಗಿದ್ದಾನೆ, ಕೆಲಸ ಹೇಗೆ ಮಾಡುತ್ತಾನೆ ಅನ್ನೋದು ಅದರಲ್ಲಿರುತ್ತದೆ. ಜೊತೆಗಿರುವವರು, ಹವಾಲ್ದಾರ್ ನಿಜ ಹೇಳಿದರೆ ಇದು ಸಹಾಯಕ್ಕೆ ಬರುತ್ತದೆ.

ಕೊನೆಗೆ ಸೇವೆಗೆ ಆಗುವುದಿಲ್ಲ ಎಂದಾದರೆ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್ ಕೂರುತ್ತದೆ. ಅದರ ಶಿಫಾರಸಿಲ್ಲದೆ ಸಿಒ ವೈದ್ಯಕೀಯ ಕಾರಣಕ್ಕೆ ಬಿಡುಗಡೆ ಮಾಡುವಂತಿಲ್ಲ. ಈ ಬೋರ್ಡಿನ ಫಾರಂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮೊದಲ ಭಾಗ ಜವಾನನ ಸ್ವಂತ ಹೇಳಿಕೆ. ಎಲ್ಲೆಲ್ಲಿ ಸೇವೆ ಮಾಡಿದ್ದೀರಿ ಎಂದು ಕೇಳುತ್ತದೆ. ಸೇರುವ ಮುಂಚೆ ಈ ಕಾಯಿಲೆ ಇತ್ತೇ ಎಂದು ಕೇಳುತ್ತದೆ. ಸೇವೆಯ ಯಾವ ಘಟನೆ ಇದಕ್ಕೆ ಕಾರಣ ಅನಿಸುತ್ತದೆ ಎಂದು ಕೇಳುತ್ತದೆ. ಹುಡುಗ ಔಷಧದ ಮಂಪರಿನಲ್ಲಿರುತ್ತಾನೆ, ಕ್ಲರ್ಕ್ ಅವಸರದಲ್ಲಿರುತ್ತಾನೆ, ಆ ಜಾಗಕ್ಕೆ "ಇಲ್ಲ" ಅಂತ ಬಿದ್ದುಬಿಡುತ್ತದೆ. ಎತ್ತರದ ಪೋಸ್ಟ್‌ನಲ್ಲಿ ಕಳೆದ ಚಳಿಗಾಲ, ಕಣ್ಣೆದುರು ಗೆಳೆಯ ಸತ್ತದ್ದು, ಕಾರ್ಯಾಚರಣೆ ಪ್ರದೇಶದ ತಿಂಗಳುಗಳು, ಎಲ್ಲವನ್ನೂ ಆ ಸಾಲಿನಲ್ಲಿ ತಾರೀಕಿನ ಜೊತೆ ಬರೆಯಬೇಕು. ಮುಂದೆ ಕೋರ್ಟಿನಲ್ಲಿ ಎಲ್ಲರೂ ಓದುವುದು ಆ ಹಾಳೆಯನ್ನೇ.

ಯಾಕಂದ್ರೆ ಹಣ ನಿಂತಿರುವುದು ಎರಡು ಉತ್ತರಗಳ ಮೇಲೆ. ಕಾಯಿಲೆ ಸೇವೆಯಿಂದ ಬಂತೇ ಅಥವಾ ಸೇವೆಯಿಂದ ಹೆಚ್ಚಾಯಿತೇ? ಮತ್ತು ಅಂಗವೈಕಲ್ಯ ಶೇ. 20 ಅಥವಾ ಹೆಚ್ಚು ಇದೆಯೇ? ಎರಡಕ್ಕೂ ಹೌದಾದರೆ 15 ವರ್ಷದ ಲೆಕ್ಕವಿಲ್ಲದೆ ಪಿಂಚಣಿ. ಹೀಗೆ ಬೋರ್ಡ್ ಔಟ್ ಆದವರ ಆ ಪಿಂಚಣಿಗೆ ಆದಾಯ ತೆರಿಗೆ ವಿನಾಯಿತಿಯೂ ಇದೆ. ಸೇವೆಗೆ ಸಂಬಂಧವಿಲ್ಲ ಎಂದು ಬೋರ್ಡ್ ಬರೆದರೂ ಇನ್‌ವ್ಯಾಲಿಡ್ ಪಿಂಚಣಿ, ಅಂದರೆ ಸೇವೆಗೆ ಅಸಮರ್ಥರಾದವರ ಪಿಂಚಣಿ, ಎಂಬುದೊಂದಿದೆ. ಮೊದಲು ಅದಕ್ಕೆ 10 ವರ್ಷ ಬೇಕಿತ್ತು. 2019ರ ಜನವರಿ 4 ಅಥವಾ ಅದರ ನಂತರ ಸೇವೆಯಲ್ಲಿದ್ದವರಿಗೆ ಆ ಮಿತಿ ತೆಗೆದಿದ್ದೇವೆ ಎಂದು ಸರ್ಕಾರ 2020ರ ಜುಲೈಯಲ್ಲಿ ಹೇಳಿತು.

ಮನಸ್ಸಿನ ಕಾಯಿಲೆಗೆ "ಹುಟ್ಟುಗುಣದಿಂದ ಬಂದದ್ದು, ಸೇವೆಗೆ ಸಂಬಂಧವಿಲ್ಲ" ಎಂದು ಬರೆದು ಕೈತೊಳೆದುಕೊಳ್ಳುವುದು ಹಳೇ ಚಾಳಿ. ಇದಕ್ಕೆ ಉತ್ತರವಾಗಿ ಧರಮ್‌ವೀರ್ ಸಿಂಗ್ ಪ್ರಕರಣ ತಿಳಿದಿರಬೇಕು. ಸೇನೆಯ ಸಂಪರ್ಕ ದಳವಾದ ಸಿಗ್ನಲ್ಸ್‌ನ ಈ ಸಿಪಾಯಿ 1985ರಲ್ಲಿ ಸೇರಿ, ಮೂರ್ಛೆ ಕಾಯಿಲೆಯಿಂದ 1994ರಲ್ಲಿ ಬೋರ್ಡ್ ಔಟ್ ಆದರು. ಪಿಂಚಣಿ ನಿರಾಕರಿಸಿದ್ದು ಇದೇ ಮಾತು ಬರೆದು. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಸೇರುವಾಗ ಪರೀಕ್ಷೆ ಮಾಡಿ ಸರಿಯಿದ್ದಾನೆ ಎಂದು ತೆಗೆದುಕೊಂಡಿದ್ದೀರಿ, ಕಾಯಿಲೆಯ ಬಗ್ಗೆ ಏನೂ ಬರೆದಿಲ್ಲ. ಹಾಗಿದ್ದರೆ ಅದು ಸೇವೆಯಿಂದಲೇ ಬಂದದ್ದು ಎಂದು ಹಿಡಿಯಬೇಕು. ಅಲ್ಲ ಅನ್ನೋದಾದರೆ ಸಾಬೀತು ಮಾಡುವ ಹೊಣೆ ಸೇನೆಯದ್ದು. ಒಂದು ಎಚ್ಚರ. 2023ರ ಸೆಪ್ಟೆಂಬರ್‌ನಲ್ಲಿ ಪಿಂಚಣಿ ಅರ್ಹತೆಯ ನಿಯಮಗಳೇ ಹೊಸದಾಗಿ ಬಂದಿವೆ. ಈ ತೀರ್ಪು ಬಂದದ್ದು ಹಳೇ ನಿಯಮಗಳ ಕೆಳಗೆ. ಈಗ ಹೊರಬರುವವರು ವಕೀಲರಿಗೆ ಎರಡನ್ನೂ ತೋರಿಸಬೇಕು.

ಕಾಯಿಲೆ ನಟಿಸಿ ಬೋರ್ಡ್ ಔಟ್ ಆಗೋಣ ಅನ್ನುವ ಸಲಹೆ ಕೊಡುವ "ಅನುಭವಿ"ಗಳೂ ಇರುತ್ತಾರೆ. ಸೇನಾ ಕಾಯ್ದೆಯ 46ನೇ ಕಲಂ ಪ್ರಕಾರ ನಟಿಸುವುದು, ಬೇಕೆಂದೇ ಗಾಯ ಮಾಡಿಕೊಳ್ಳುವುದು ಎರಡೂ ಅಪರಾಧ. 7 ವರ್ಷದವರೆಗೆ ಜೈಲು.

ಅಗ್ನಿವೀರರು ಮತ್ತು ತರಬೇತಿಯಲ್ಲಿರುವವರು

2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕು ವರ್ಷದ ನಡುವೆ ಸ್ವಂತ ಕೋರಿಕೆಯಲ್ಲಿ ಹೋಗಲು ಬಿಡುವುದಿಲ್ಲ ಎಂದೇ ಷರತ್ತಿದೆ. ತೀರಾ ಅಪರೂಪದ ಪ್ರಕರಣದಲ್ಲಿ ಮೇಲಧಿಕಾರಿ ಮಂಜೂರು ಮಾಡಬಹುದು. ಹಾಗೆ ಹೋದರೆ ಸೇವಾ ನಿಧಿಯಲ್ಲಿ, ಅಂದರೆ ನೀವೂ ಸರ್ಕಾರವೂ ಸಮನಾಗಿ ಹಣ ಹಾಕುವ ನಿಧಿಯಲ್ಲಿ, ನಿಮ್ಮ ಪಾಲು, ಅದರ ಬಡ್ಡಿ ಸಿಗುತ್ತದೆ. ಸರ್ಕಾರದ ಪಾಲು ಸಿಗುವುದಿಲ್ಲ. ಮೊದಲ ವರ್ಷ ತಿಂಗಳಿಗೆ 9,000, ನಾಲ್ಕನೇ ವರ್ಷಕ್ಕೆ 12,000 ನಿಮ್ಮಿಂದ ಕಡಿತವಾಗುತ್ತದೆ. ನಾಲ್ಕು ವರ್ಷ ಪೂರ್ತಿಯಾದರೆ ನಿಮ್ಮದು 5.02 ಲಕ್ಷ, ಸರ್ಕಾರದ್ದು ಅಷ್ಟೇ. ಮಧ್ಯದಲ್ಲಿ ಬಂದವರು ಅರ್ಧ ಬಿಟ್ಟು ಬಂದಹಾಗೆ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಪಿಂಚಣಿ ಬದಲು ಒಂದು ಸಲದ ಪರಿಹಾರ ಇದೆ: ಶೇ. 50, 75, 100 ಎಂಬ ಹಂತಗಳಿಗೆ 15, 25, 44 ಲಕ್ಷ. ನನ್ನ ಅಭಿಪ್ರಾಯ ಕೇಳಿದರೆ, ಮೂರು ವರ್ಷ ಕಳೆದ ಅಗ್ನಿವೀರ ಆರೋಗ್ಯವಾಗಿದ್ದರೆ ತಡೆದು ಮುಗಿಸಲಿ. ಮೂರು ತಿಂಗಳಲ್ಲೇ ಇದು ನನ್ನ ಕೈಲಾಗಲ್ಲ ಅನಿಸಿದವನು ತಡಮಾಡದೆ ಹೇಳಲಿ.

ಕಸಂ ಪರೇಡ್, ಅಂದರೆ ಪ್ರಮಾಣವಚನದ ಪರೇಡ್, ಆಗದ ರಂಗರೂಟುಗಳಿಗೆ (ತರಬೇತಿಯ ಹುಡುಗರಿಗೆ) 13ನೇ ನಿಯಮದಲ್ಲಿ ಬೇರೆಯೇ ಸಾಲಿದೆ. ಅಲ್ಲಿ ಬಿಡುಗಡೆ ಸುಲಭ, ಕಳೆದುಕೊಳ್ಳುವುದೂ ಕಡಿಮೆ.

ದಾರಿಯಂತೆ ಕಾಣುವ ಎರಡು ಗುಂಡಿಗಳು

ಒಂದು, ರಜೆ ಮುಗಿದರೂ ಹೋಗದೇ ಇರುವುದು. 30 ದಿನ ದಾಟಿದರೆ ಘಟಕದಲ್ಲಿ ಕೋರ್ಟ್ ಆಫ್ ಇನ್‌ಕ್ವೈರಿ, ಅಂದರೆ ಸೇನೆಯ ಒಳಗಿನ ತನಿಖಾ ಮಂಡಳಿ, ಕೂರುತ್ತದೆ. ಊರಿನ ಪೊಲೀಸರಿಗೆ ಪತ್ರ ಬರುತ್ತದೆ, ವಾರಂಟ್ ಇಲ್ಲದೆ ಹಿಡಿದುಕೊಂಡು ಹೋಗಬಹುದು. ಅನುಮತಿಯಿಲ್ಲದ ಗೈರುಹಾಜರಿಗೆ 3 ವರ್ಷದವರೆಗೆ, ಪಲಾಯನಕ್ಕೆ 7 ವರ್ಷದವರೆಗೆ ಶಿಕ್ಷೆ. ಸಕ್ರಿಯ ಸೇವೆಯಲ್ಲಿದ್ದಾಗ ಪಲಾಯನವಾದರೆ ಕಾನೂನಿನಲ್ಲಿ ಮರಣದಂಡನೆಯವರೆಗೂ ಇದೆ. ಪಲಾಯನದ ಕೇಸಿಗೆ ಮೂರು ವರ್ಷದ ಕಾಲಮಿತಿಯೂ ಅನ್ವಯಿಸುವುದಿಲ್ಲ. "ಸುಮ್ನೆ ಇದ್ದರೆ ಮರೆತುಬಿಡ್ತಾರೆ" ಅನ್ನೋದು ಆಗದ ಮಾತು. ಈಗಾಗಲೇ ಉಳಿದುಬಿಟ್ಟಿದ್ದರೆ ಇವತ್ತೇ ಘಟಕಕ್ಕೆ ಫೋನ್ ಮಾಡಿ. ಹುಷಾರಿಲ್ಲದಿದ್ದರೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಿ ದಾಖಲಾಗಿ. ತಾನಾಗಿ ಬಂದವನಿಗೂ ಹಿಡಿದು ತಂದವನಿಗೂ ಶಿಕ್ಷೆ ಕೊಡುವಾಗ ವ್ಯತ್ಯಾಸ ಮಾಡುತ್ತಾರೆ.

ಇನ್ನೊಂದು, ಬೇಕೆಂದೇ ತಪ್ಪು ಮಾಡಿ ನಾಲ್ಕು ರೆಡ್ ಇಂಕ್ ಎಂಟ್ರಿ (ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ಶಿಕ್ಷೆಯ ನಮೂದು) ಹತ್ತಿಸಿಕೊಂಡರೆ ತಾವೇ ಕಳಿಸುತ್ತಾರೆ ಅನ್ನುವ ಲೆಕ್ಕ. ನಾಲ್ಕಾದ ಕೂಡಲೇ ತಾನಾಗಿ ಬಿಡುಗಡೆ ಆಗುವುದಿಲ್ಲ, ವಿಚಾರಣೆ ನಡೆಸಬೇಕು ಎಂದು ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪು ಅನ್ಯಾಯವಾಗಿ ಹೊರಹಾಕಿಸಿಕೊಂಡವರಿಗೆ ಗುರಾಣಿ. ಹೊರಬರಲು ಇದನ್ನೇ ಏಣಿ ಮಾಡಿಕೊಳ್ಳಲು ಹೋದರೆ ಕ್ವಾರ್ಟರ್ ಗಾರ್ಡ್, ಅಂದರೆ ಘಟಕದ ಲಾಕಪ್, ಕಾಣುತ್ತೀರಿ. ಮುಂದೆ ಯಾವ ಕೆಲಸಕ್ಕೆ ಹೋದರೂ ಬಿಡುಗಡೆ ಪುಸ್ತಕ ತೋರಿಸಬೇಕು. ಅದರಲ್ಲಿ ಬಿಡುಗಡೆಯ ಕಾರಣ ಬರೆದಿರುತ್ತದೆ.

ಅರ್ಜಿ ತಳ್ಳಿಹಾಕಿದರೆ

ನೇರ ಕೋರ್ಟಿಗೆ ಓಡಬೇಡಿ. ಸೇನಾ ಕಾಯ್ದೆಯ 26ನೇ ಕಲಂ ಕೆಳಗೆ ಕಂಪನಿ ಕಮಾಂಡರ್, ಸಿಒ, ಅವರ ಮೇಲಿನವರು ಹೀಗೆ ಹಂತ ಹಂತವಾಗಿ ದೂರು ಕೊಡಬಹುದು. ಪಿಂಚಣಿ ನಿರಾಕರಿಸಿದ್ದರೆ ಇಲಾಖೆಯೊಳಗೇ ಮೇಲ್ಮನವಿ ಇದೆ. ಅದು ಮುಗಿದ ಮೇಲೆ, ಅಥವಾ ಆರು ತಿಂಗಳು ಉತ್ತರವೇ ಬರದಿದ್ದರೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. 2007ರ ಕಾಯ್ದೆಯಿಂದ ಹುಟ್ಟಿದ ಇದು 2009ರಿಂದ ಕೆಲಸ ಮಾಡುತ್ತಿದೆ. ಕರ್ನಾಟಕದವರಿಗೆ ಕೊಚ್ಚಿ ಪೀಠ. ಬರೀ ಪೋಸ್ಟಿಂಗ್, ರಜೆಯ ತಕರಾರನ್ನು ನ್ಯಾಯಮಂಡಳಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟ್. ನ್ಯಾಯಮಂಡಳಿಯ ಆದೇಶ ಒಪ್ಪಿಗೆಯಾಗದಿದ್ದರೂ ಹೈಕೋರ್ಟಿಗೆ ಹೋಗಬಹುದು ಎಂದು 2023ರಲ್ಲಿ ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೊಂದಲ ಬಗೆಹರಿಸಿತು.

ನ್ಯಾಯಮಂಡಳಿಗೆ ಹೋಗಲು ಅಂತಿಮ ಆದೇಶದಿಂದ ಆರು ತಿಂಗಳ ಗಡುವು. ತಡವಾದರೆ ಕಾರಣ ಹೇಳಿ ಮನ್ನಾ ಕೇಳಬಹುದು, ಆದರೆ ಅದೇ ಇನ್ನೊಂದು ವಾದವಾಗುತ್ತದೆ. ವಕೀಲರ ಹತ್ತಿರ ಹೋಗುವಾಗ ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ, ಸಿಕ್ ರಿಪೋರ್ಟ್‌ಗಳು, ಸೇರುವಾಗಿನ ವೈದ್ಯಕೀಯ ಪರೀಕ್ಷೆಯ ಕಾಗದ, ಅರ್ಜಿ ಮತ್ತು ಅದರ ಉತ್ತರ ಜೊತೆಗಿರಲಿ. ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತರಿಸಿಕೊಳ್ಳಿ. ಸೇವಾ ಸಂಖ್ಯೆ ಬರೆದು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟರೆ ಸಾಕು. ಹುಡುಗ ಆಸ್ಪತ್ರೆಯಲ್ಲಿದ್ದರೆ ಅರ್ಜಿಯನ್ನು ಮನೆಯವರು ಬರೆದು ಅವನ ಸಹಿ ಹಾಕಿಸಿ ಕಳಿಸಬಹುದು.